ಒಂದು ಬಟ್ಟಲು ಉಪ್ಪಿನ ಬೆಳಕು

೧. ದಾರಿ

“ಗೊರೇಬಾಳಕ್ಕೆ ಇದೇ ದಾರಿಯೇನ್ರೀ?”

“ಇದು ದಾರಿ ಅಲ್ರೀ ಅಕ್ಕಾರ, ಕಾಲುವಿ. ಇನ್ನಾ ನೀರು ಬಿಟ್ಟಿಲ್ಲ ಅಂತ ನಡದೀರಿ.”

ಚಕ್ಕಡಿಯವನು ದಂಡೆಯ ಮೇಲೆ ಎತ್ತು ನಿಲ್ಲಿಸಿಕೊಂಡು, ತಳದಲ್ಲಿ ಟ್ರಂಕು ಹೊತ್ತು ನಿಂತಿದ್ದ ನನ್ನನ್ನು ನೋಡಿದ. ಬೊಂಬಾಯಿ, ಕಲಕತ್ತ, ಕೊಲಂಬೊ, ಎಲ್ಲ ಕಡೆ ದಾರಿ ತಪ್ಪಿದ ಅನುಭವ ನನಗಿತ್ತು. ಆದರೆ ಹೊಸದಾಗಿ ತೋಡಿದ ಕಾಲುವೆಯನ್ನೇ ಸರ್ಕಾರಿ ರಸ್ತೆ ಅಂತ ತಿಳಿದು ಹರದಾರಿ ನಡೆದದ್ದು ಸಿಂಧನೂರು ಸೀಮೆಯಲ್ಲಿ ಮಾತ್ರ. ನಿಜಾಮರ ಆಳ್ವಿಕೆ ಮುಗಿದ ಹೊಸತು. ಊರೂರಿಗೆ ಹೋಗಿ ಜನಕ್ಕೆ ವಿಜ್ಞಾನ ತೋರಿಸುವುದು ನನ್ನ ಕೆಲಸ. ಆ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇದ್ದವು. ಏನೂ ನಡೆಯಲಿಲ್ಲವೆಂದರೆ ಅವತ್ತು ನನಗೆ ಬಸ್ಸೇ ಸಿಕ್ಕಿಲ್ಲ ಎಂದರ್ಥ.

“ನಿಮ್ಮ ಯಜಮಾನ್ರು?” ಅಂದ.

“ಮನ್ಯಾಗ ಅದಾರ.”

“ಮತ್ತ ನೀವು?”

“ಕಾಲುವ್ಯಾಗ ಅದೀನಿ.”

ಅವನಿಗೆ ಇದು ಒಪ್ಪಿಗೆಯಾದಂತೆ ಕಾಣಲಿಲ್ಲ. “ಟ್ರಂಕಿನ್ಯಾಗ ಏನೈತ್ರಿ?”

“ಬೆಳಕು. ಇವತ್ತ ಸಂಜಿಮುಂದ ಗೊರೇಬಾಳದಾಗ ತೋರಸೂದೈತಿ.”

ಅವನು ಮುಳುಗುತ್ತಿದ್ದ ಸೂರ್ಯನನ್ನು ನೋಡಿದ, ಟ್ರಂಕನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಬೆಳಕು ಟ್ರಂಕಿನ್ಯಾಗ ಹಾಕಿ ಕೀಲಿ ಜಡದು, ಕತ್ತಲಾಗ ದಾರಿ ಕೇಳಾಕ ಹತ್ತೀರೇನ್ರೀ?”

೨. ಜಾಮೀನು

ಆ ಸಂಜೆಯ ಪ್ರದರ್ಶನ ಇದ್ದದ್ದು ಅದೇ ಚಕ್ಕಡಿಯವನ ಮನೆಯ ಅಂಗಳದಲ್ಲಿ. ಮನೆಯಲ್ಲಿ ಅವನ ತಾಯಿ, ಹೆಂಡತಿ. ಊರೆಲ್ಲ ಬಂದು ಕೂತಿತ್ತು. ಟ್ರಂಕು ತೆಗೆದರೆ ಸ್ಪಿರಿಟ್ ದೀಪ ಇದೆ, ಗಾಜಿನ ಪಟ್ಟಕ ಇದೆ, ಉಪ್ಪಿನ ಶೀಸೆ ಇಲ್ಲ. ಅದು ಸಿಂಧನೂರಿನಲ್ಲೇ ಉಳಿದಿತ್ತು. ಉಪ್ಪಿಲ್ಲದೆ ನನ್ನ ಆಟವೂ ಸಪ್ಪೆ.

“ಒಂದು ಬಟ್ಟಲು ಉಪ್ಪು ಕೊಡ್ರಿ” ಅಂದೆ.

ಹೊಲದ ಪಟ್ಟಾ ಕೇಳಿದೆನೋ ಎಂಬಂತೆ ಎಲ್ಲರೂ ಚಕ್ಕಡಿಯವನ ತಾಯಿಯ ಮುಖ ನೋಡಿದರು. ಆಗಷ್ಟೇ ಮನೆಯೊಳಗೆ ದೀಪ ಹಚ್ಚಿದ್ದರು.

“ದೀಪ ಹಚ್ಚಿದ ಮ್ಯಾಲೆ ಮನಿ ಉಪ್ಪು ಹೊರಗ ಹೋಗಂಗಿಲ್ಲ ತಂಗಿ,” ಅಂದಳು ಮುದುಕಿ. “ಉಪ್ಪಿನ ಹಿಂದ ಲಕ್ಷ್ಮೀನೂ ಹೋಗತಾಳ.”

ಬಾಗಿಲ ಹಿಂದಿನಿಂದ ಸೊಸೆ ಅಂದಳು: “ಕೊಡೂದು ಬ್ಯಾಡ್ರಿ ಅತ್ತಿ, ಕೈಗಡ ಕೊಡೂಣು. ಕೈಗಡ ಅಂದ್ರ ನಮ್ಮ ಉಪ್ಪು ನಮ್ಮದ ಅಲ್ಲೇನ್ರಿ?”

ಪಾಪ, ಆಕೆಗೆ ಆಟ ನೋಡಬೇಕಿತ್ತು. ಮುದುಕಿ ಸೊಸೆಯ ಕಡೆ ತಿರುಗಿದಳು. “ಆತು. ಆದ್ರ ಒಯ್ದವರ ಕೈಯಿಂದನ ವಾಪಸ್ ಬರಬೇಕು. ನೀ ಜಾಮೀನು. ಉಪ್ಪು ಬರೂತನಾ ಜಾಮೀನು ನಿಂತಾಕಿ ಊರು ಬಿಡಂಗಿಲ್ಲ. ಪಂಚಮಿಗೆ ತವರಿಗೂ ಇಲ್ಲ, ನೋಡು.”

ಪಂಚಮಿ ಇನ್ನೂ ದೂರವಿತ್ತು. “ಬರೂ ವಾರ ತಂದು ಕೊಡ್ತೀನಿ” ಅಂದೆ. ಬಟ್ಟಲು ನೆಲದ ಮೇಲೆ ಬಂತು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಂತೆ. ಕಂದೀಲು ಆರಿಸುವುದಕ್ಕೂ ಮುದುಕಿ ಒಪ್ಪಲಿಲ್ಲ; ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿದರು.

ನಾನು ಶುರುಮಾಡಿದೆ. ಉಪ್ಪಿನಲ್ಲಿ ಸೋಡಿಯಂ ಅಂತ ಒಂದಿದೆ. ಅದರ ಒಂದೊಂದು ಕಣದಲ್ಲೂ ಎಲೆಕ್ಟ್ರಾನುಗಳು ಸಾಲುಸಾಲಾಗಿ ಕೂತಿರುತ್ತವೆ. ಉರಿ ತಾಗಿದರೆ ಎಲ್ಲಕ್ಕಿಂತ ಹೊರಗಿನದು ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ. ಅಲ್ಲಿ ನಿಲ್ಲಲಾಗದೆ ಕೆಳಗಿಳಿಯುತ್ತದೆ. ಇಳಿಯುವಾಗ, ಉರಿಯಿಂದ ಪಡೆದದ್ದನ್ನು ಹಳದಿ ಬೆಳಕಾಗಿ ವಾಪಸು ಕೊಡುತ್ತದೆ.

“ತಗೊಂಡಷ್ಟ ಕೊಡತೈತಿ. ಹೆಚ್ಚಿಲ್ಲ, ಕಡಿಮಿಲ್ಲ. ಅದೂ ಆ ಗಳಿಗ್ಯಾಗ,” ಅಂದೆ.

“ಸಂಭಾವಿತ ಐತಿ,” ಅಂದಳು ಮುದುಕಿ.

ಬತ್ತಿಗೆ ಉಪ್ಪು ಹಾಕಿದೆ. ಹಳದಿ ಉರಿ ಎದ್ದಿತು. ಎಲ್ಲರ ಮುಖ ಬೂದಿ ಬಳಿದಂತಾಯಿತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಂದು ಕೂಗು: “ಯವ್ವಾ! ನಿನ್ನ ಕುಂಕುಮ ಕರ್ರಗಾಗೇತಿ!”

“ನನ್ದಲ್ಲಬೇ, ನಿನ್ದು!”

ಈ ಉರಿಯಲ್ಲಿ ಹಳದಿ ಒಂದೇ ಇದೆ, ಕೆಂಪು ಬೆಳಕು ಬಿದ್ದರಲ್ಲವೇ ಕುಂಕುಮ ಕೆಂಪನ್ನು ತಿರುಗಿ ಕೊಡುವುದು ಅಂತ ನಾನು ಕೂಗಿ ಕೂಗಿ ಹೇಳಿದೆ. ಯಾರು ಕೇಳುತ್ತಾರೆ? ಮುತ್ತೈದೆಯರೆಲ್ಲ ಎದ್ದು ಗಂಡಂದಿರನ್ನು ಹುಡುಕಿಕೊಂಡು ಓಡಿದರು. ನನ್ನ ಜಾಮೀನುದಾರಳು ಚಕ್ಕಡಿಯವನ ಅಂಗಿ ಹಿಡಿದು ಕೇಳುತ್ತಿದ್ದಳು:

“ಅದೀರೇನ್ರೀ?”

“ಅದೀನಿ.”

“ಗಟ್ಟಿಯಾಗಿ ಹೇಳ್ರೀ!”

೩. ಹೊರಗಿನ ಜಾಗ

ಮರುದಿನ ಬೆಳಗಾಗುವುದರೊಳಗೆ ಲಿಂಗಸುಗೂರಿನಿಂದ ಕರೆ ಬಂತು. ಉಪ್ಪಿನ ಸಾಲ ಹಾಗೇ ಉಳಿಯಿತು.

ಅಲ್ಲಿ ಕೇಳಲು ಬಂದವರು ದೊಡ್ಡ ಮಂದಿ. ಉರ್ದುವಿನಲ್ಲಿ ಓದಿ ಈಗ ಕನ್ನಡದಲ್ಲಿ ಪಾಠ ಹೇಳಬೇಕಾಗಿ ಬಂದಿದ್ದ ಮಾಸ್ತರು, ಸಾಹುಕಾರರು, ಅಡತಿ ವ್ಯಾಪಾರಿಗಳು. ಬಾಯಲ್ಲಿ ಹೇಳಿದರೆ ತೂಕಡಿಸುತ್ತಾರೆ ಅಂತ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮೂರು ಸುತ್ತು ಬರೆದೆ. ನಡುವೆ ಟ್ರಂಕು ಇಟ್ಟೆ. ಒಳಸುತ್ತಿನಲ್ಲಿ ಇಬ್ಬರು, ನಡುಸುತ್ತಿನಲ್ಲಿ ಎಂಟು ಮಂದಿ, ಹೊರಗೆ ಒಬ್ಬರೇ ಒಬ್ಬರು. “ನೀವೆಲ್ಲ ಎಲೆಕ್ಟ್ರಾನ್. ಬಂದು ಕೂಡ್ರಿ. ಎಲ್ಲಾ ಸೇರಿದ್ರ ಸೋಡಿಯಂ.”

ಒಳಗಿನ ಎರಡು ಜಾಗಕ್ಕೆ ಸಾಹುಕಾರರು ನಾಲ್ವರು ಬಂದರು. ಯಾರ ಮನೆತನ ಹಳೆಯದು ಅಂತ ಮಾತು ಬೆಳೆದು, ಕೊನೆಗೆ ಇಬ್ಬರು ಗೆದ್ದು ಕಾಲು ಮಡಚಿ ಕೂತರು. ಸೋತವರು ನಡುಸುತ್ತಿನಲ್ಲಿ ಮುಖ ತಿರುಗಿಸಿಕೊಂಡು ಕೂತರು. ಹೊರಗಿನ ಒಂಟಿ ಜಾಗ ಖಾಲಿ. ಅಲ್ಲಿ ಕೂತರೆ ಊರು ಏನಂದೀತು?

ಬಾಗಿಲಲ್ಲಿ ನಿಂತಿದ್ದ ಅತ್ತರು ಮಾರುವ ಸಾಬರು ಅಂದರು: “ಅರೆ, ಹೊರಗ ಹವಾ ಚೊಲೋ ಬರ್ತೈತಿ. ನಾ ಕೂಡ್ತೀನಿ, ಬಿಡ್ರಿ.”

ಎಲ್ಲರಿಗೂ ನೆಮ್ಮದಿಯಾಯಿತು. ಆಗ ನಾನು ಹೇಳಿದೆ: “ಒಳಗ ಕುಂತವ್ರು ತುಂಬಿದ ಸುತ್ತಿನವರು. ಸಾಮಾನ್ಯಕ್ಕ ಅವರಿಗೆ ಕೆಲಸಿಲ್ಲ. ಜಿಗಿಯೂದು, ಬೆಳಕು ಕೊಡೂದು, ಇನ್ನೊಂದರ ಕೂಡ ನೆಂಟಸ್ತನ ಬೆಳಸಿ ಉಪ್ಪು ಆಗೂದು, ಎಲ್ಲಾ ಈ ಹೊರಗ ಕುಂತವರ ಕೆಲಸ. ಸೋಡಿಯಂನ ಮರ್ಯಾದಿ ಇರೋದು ಇವರ ಕೈಯಾಗ.”

ಕೂಡಲೇ ಒಳಗಿನ ಹತ್ತೂ ಮಂದಿ ರಂಗೋಲಿ ತುಳಿದುಕೊಂಡು ಒಟ್ಟಿಗೆ ಎದ್ದು ಬಂದರು. ಸಾಬರು ಅತ್ತರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂದರು: “ಮಾಫ್ ಮಾಡ್ರಿ ಸಾಹುಕಾರ, ಸೀಟ್ ಖಾಲಿ ಇಲ್ಲ.”

೪. ಬೆಳಕಿಗೆ ಬೆಳಕು ಕೂಡಿಸಿದರೆ

ಮಸ್ಕಿಯಲ್ಲಿ ಬೆಳಕಿನ ಅಲೆಗಳ ಪಾಠ. ಹೊಂಡದಲ್ಲಿ ಎರಡು ಕಲ್ಲು ಎಸೆದು ತೋರಿಸಿದೆ: ಒಂದು ಅಲೆ ಏರುವಲ್ಲಿ ಇನ್ನೊಂದು ಇಳಿದರೆ ನೀರು ಅಲ್ಲಿ ಸುಮ್ಮನಿರುತ್ತದೆ. ಬೆಳಕೂ ಹಾಗೆಯೇ, ಕೂದಲಿನಂಥ ಎರಡು ಸಂದಿಯಿಂದ ಬಂದ ಒಂದೇ ದೀಪದ ಬೆಳಕು ಕೆಲವೆಡೆ ಕೂಡಿ ಕತ್ತಲಾಗುತ್ತದೆ. ಜನ ತಲೆಯಾಡಿಸಿದರು. ತಲೆಯಾಡಿಸಿದವರ ಬಗ್ಗೆ ನಾನು ಯಾವಾಗಲೂ ಎಚ್ಚರವಿರಬೇಕಿತ್ತು.

ಕೆಲ ವಾರದ ಮೇಲೆ ಒಂದು ಸಂಜೆ ಅಲ್ಲಿನ ಸಂತೆಗೆ ಹೋದರೆ, ಬಟ್ಟೆ ಅಂಗಡಿ ಮಬ್ಬಾಗಿದೆ. ಎರಡು ಕಂದೀಲಿನಲ್ಲಿ ಒಂದನ್ನು ಇಳಿಸಿಟ್ಟಿದ್ದಾರೆ.

“ಯಾಕ್ರಿ ಸೆಟ್ರ, ಒಂದ ಕಂದೀಲು?”

“ನೀವ ಹೇಳಿದ್ರಲ್ರೀ ಅಕ್ಕಾರ, ಬೆಳಕಿಗೆ ಬೆಳಕು ಕೂಡಿದ್ರ ಕತ್ತಲಾಗತೈತಿ ಅಂತ.”

“ಅದು ಸಣ್ಣ ಸಂದಿಯ ಮಾತು, ಒಂದ ದೀಪದ್ದು. ಎರಡು ಕಂದೀಲಿಗೆ ಹತ್ತಂಗಿಲ್ರಿ.”

ಅವರು ಮಾಸಿದ ಸೀರೆಯೊಂದನ್ನು ಹೊಸದೆಂದು ಗಿರಾಕಿಗೆ ಕಟ್ಟಿಕೊಡುತ್ತ, ಪಿಸುಮಾತಿನಲ್ಲಿ ಅಂದರು: “ಗಟ್ಟಿ ಹೇಳಬ್ಯಾಡ್ರಿ. ನಿಮ್ಮ ವಿಜ್ಞಾನ ನನಗ ಭಾಳ ಹತ್ತೈತಿ.”

೫. ಸೌತೆಕಾಯಿ

ಅದೇ ಸಂತೆಯಲ್ಲಿ ಚಕ್ಕಡಿಯವನು ಸಿಕ್ಕ. ಮುಖ ಒಣಗಿತ್ತು.

“ಎಮ್ಮಿ ಒದ್ರೂ ಉಪ್ಪು, ಬೆಕ್ಕು ಹಾಲು ಕುಡದ್ರೂ ಉಪ್ಪು ಅಂತಾಳ ನಮ್ಮವ್ವ. ನಾಡದು ಪಂಚಮಿ. ಕರಿಯಾಕ ಬಂದ ಅಳಿಯ ಕಟ್ಟಿ ಮ್ಯಾಲೆ ಕುಂತಾನ. ಹೇಣ್ತಿ ನನ್ನ ಕೂಡ ಮಾತ ಬಿಟ್ಟಾಳ್ರಿ.”

‘ಅಳಿಯ’ ಅಂದದ್ದು ಹೆಂಡತಿಯ ಅಣ್ಣನ ಮಗನನ್ನು. ನನಗೆ ನಾಚಿಕೆಯಾಯಿತು. “ನೀವ ಒಯ್ದು ಕೊಡಬಹುದಿತ್ತಲ್ಲ?”

“ಕೊಟ್ಟು ನೋಡಿದ್ನಿ. ‘ಒಯ್ದಾಂವ ನೀ ಏನಲೇ?’ ಅಂತ ಅವ್ವ ಹೊರಗ ನಿಲ್ಲಿಸಿದ್ಲು. ಉಪ್ಪು ಸಮೇತ.”

ಅಲ್ಲೇ ಹರಳುಪ್ಪು ಕಟ್ಟಿಸಿಕೊಂಡು, ಮರುದಿನ ಮುಂಜಾನೆ ಸಿಂಧನೂರಿನ ಬಸ್ಸು ಹತ್ತಿದೆ. ಪೊಟ್ಟಣ ತೊಡೆಯ ಮೇಲೇ ಇತ್ತು. ದಾರಿಯಲ್ಲಿ ಹಳ್ಳ ಬಂದಿತ್ತು; ನೀರು ಇಳಿಯುವ ತನಕ ಬಸ್ಸು ನಿಂತಿತು. ಪಕ್ಕದಲ್ಲಿ ಕೂತಾಕೆ ಬುಟ್ಟಿಯಿಂದ ಒಂದು ಎಳೆ ಸೌತೆಕಾಯಿ ಸೀಳಿ ನನಗೆ ಅರ್ಧ ಕೊಟ್ಟಳು. ಬೇಡವೆನ್ನುವುದು ಹೇಗೆ? ತಿನ್ನುವಾಗ ಆಕೆಯ ಕಣ್ಣು ನನ್ನ ತೊಡೆಯ ಮೇಲೆ ಬಿತ್ತು.

“ಉಪ್ಪೇನ್ರಿ ಅದು?”

ಒಂದು ಚಿಟಿಕೆ ಕೊಟ್ಟೆ. ಹಿಂದಿನ ಸೀಟಿನಿಂದ ಒಂದು ಕೈ ಬಂತು. ಮುಂದಿನಿಂದ ಎರಡು. ಬುಟ್ಟಿ ಬರಿದಾಗುವುದಕ್ಕೂ, ಹಳ್ಳ ಇಳಿಯುವುದಕ್ಕೂ, ಪೊಟ್ಟಣ ಮುಗಿಯುವುದಕ್ಕೂ ಸರಿಹೋಯಿತು. ಗೊರೇಬಾಳದ ಸೊಸೆಯ ತವರುದಾರಿಯನ್ನು ಇಡೀ ಬಸ್ಸು ನೆಕ್ಕಿ ತಿಂದಿತ್ತು. ಕೊನೆಗೆ ಕಂಡಕ್ಟರು ಬಂದು ಖಾಲಿ ಕಾಗದ ನೋಡಿ ಕೇಳಿದ:

“ಖಾರಪುಡಿ ತಂದಿಲ್ಲೇನ್ರೀ ಅಕ್ಕಾರ?”

೬. ಬಿಡುಗಡೆ

ಸಿಂಧನೂರಿನಲ್ಲಿ ಮತ್ತೆ ಉಪ್ಪು ತಗೊಂಡು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಕಾಲುವೆಯಲ್ಲಿ ಮಳೆನೀರು ನಿಂತಿದ್ದರಿಂದ ಈ ಸಲ ದಂಡೆಯ ಮೇಲೇ ನಡೆದೆ.

ಗೊರೇಬಾಳದಲ್ಲಿ ಚಕ್ಕಡಿ ಹೂಡಿ ನಿಂತಿತ್ತು; ಅಳಿಯ ಆಗಲೇ ಹತ್ತಿ ಕೂತಿದ್ದ. ಮನೆಯೊಳಗೆ ಸೊಸೆ ಹೊಸ ಸೀರೆ ಉಟ್ಟು, ಗಂಟು ಕಟ್ಟಿಕೊಂಡು, ಅತ್ತೆಯ ಅಪ್ಪಣೆಗಾಗಿ ಕೂತಿದ್ದಳು. ಮುದುಕಿ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಚಕ್ಕಡಿಯವನು ಎತ್ತಿನ ಹಗ್ಗ ಹಿಡಿದು ಇಬ್ಬರ ಮುಖವನ್ನೂ ನೋಡದೆ ನಿಂತಿದ್ದ.

ಪೊಟ್ಟಣವನ್ನು ನೆಲದ ಮೇಲಿಟ್ಟೆ. ಮುದುಕಿ ಅದೇ ಬಟ್ಟಲು ತರಿಸಿದಳು, ಸುರಿದಳು, ಬೆರಳಿನಿಂದ ಅಂಚಿಗೆ ಸಮ ಮಾಡಿದಳು. ಬಟ್ಟಲು ಉಪ್ಪಿನ ಗಡಿಗೆಯೊಳಗೆ ಬೋರಲಾಯಿತು.

“ಹೋಗಿ ಬಾ ಬೇ, ಬಿಡುಗಡಿ ಆತು!” ಅಂದಳು. ಅಂದದ್ದೇ ತಡ, ಸೊಸೆ ಹತ್ತಿ, ಚಕ್ಕಡಿ ಹೊರಟೇಬಿಟ್ಟಿತು. ನಾನು ಮನಸ್ಸು ಬದಲಿಸಿ ಉಪ್ಪು ವಾಪಸು ಕೇಳಿಬಿಟ್ಟೇನು ಎಂಬ ಭಯವೋ ಏನೋ!

ಮುದುಕಿ ಪೊಟ್ಟಣದಲ್ಲಿ ಉಳಿದ ಉಪ್ಪನ್ನು ಮಡಚಿ ನನ್ನ ಮುಂದೆ ನೆಲಕ್ಕಿಟ್ಟಳು.

“ಇದು ಹೆಚ್ಚಿಗಿ ಬಂದೈತಿ, ಒಯ್ಯಿ. ತಗೊಂಡಷ್ಟ ಕೊಡಬೇಕು ಅಂತ ನೀನ ಹೇಳಿದ್ದಿ.” ನನ್ನ ಟ್ರಂಕಿನ ಕಡೆ ಗದ್ದ ತೋರಿಸಿದಳು. “ಅದೇನೋ ಹೊರಗ ಕುಂತದ್ದು, ತಗೊಂಡದ್ದನ್ನ ಆ ಗಳಿಗ್ಯಾಗ ತಿರುಗಿ ಕೊಡತೈತಿ ಅಂದಿದ್ದಿಯಲ್ಲ? ಅದನ್ನ ಹೊತಗೊಂಡು ಊರೂರು ತಿರಗತೀ. ಅದರ ಗುಣ ನಿನಗ ಒಂಚೂರೂ ಹತ್ತಲಿಲ್ಲಲ್ಲ ತಂಗಿ!”