ಟೀಚರಮ್ಮನ ಅರ್ಧ, ಕಂಡಕ್ಟರ ಅರ್ಧ

ಮನೆ ಕಟ್ಟುವುದು ನನ್ನ ಕಸುಬು. ಆದರೆ ನಮ್ಮ ಕೋಟೆ ಊರಿನಲ್ಲಿ ಮೇಸ್ತ್ರಿ ಅಂದಮೇಲೆ ಕಟ್ಟಿದ ಮನೆಯನ್ನು ಪಾಲು ಮಾಡುವ ಕರ್ಮವೂ ಆಗಾಗ ತಲೆಗೆ ಸುತ್ತಿಕೊಳ್ಳುತ್ತದೆ.

ಗೋಡೆ

ಆತ ಬಸ್ ಕಂಡಕ್ಟರ್, ಆಕೆ ಅಂಗನವಾಡಿ ಟೀಚರ್. ಡೈವೋರ್ಸ್ ಆಗಿತ್ತು. ಮನೆ ಮಾತ್ರ ಇಬ್ಬರ ಹೆಸರಿನಲ್ಲೇ ಇತ್ತು. ಮಾರಲು ಆಕೆ ಒಪ್ಪಲಿಲ್ಲ, ಬಿಟ್ಟುಕೊಡಲು ಈತ ಒಪ್ಪಲಿಲ್ಲ.

"ನಡುವೆ ಒಂದು ಗೋಡೆ ಎತ್ಬುಡಿ ಮೇಸ್ತ್ರಿ. ಒಬ್ರ ಹಂಗು ಒಬ್ರಿಗೆ ಬ್ಯಾಡ" ಎಂದರು ಇಬ್ಬರೂ. ಆ ಮಾತಿನಲ್ಲಿ ಎಂಥ ಹೊಂದಾಣಿಕೆ ಅಂತೀರಿ!

ಮನೆಯ ನಟ್ಟನಡುವೆ ಅಳತೆಯ ದಾರ ಹಿಡಿದರೆ ಅಡುಗೆಮನೆ ಆಕೆಗೆ ಬಂತು, ಬಚ್ಚಲು ಈತನಿಗೆ.

"ಅಂಗಾದ್ರೆ ನಾನು ಉಣ್ಣೋದೆಲ್ಲಿ?"

"ಮೊದ್ಲು ನಾನು ಸ್ನಾನ ಮಾಡೋದೆಲ್ಲಿ ಹೇಳಿ."

ಕೊನೆಗೆ ಆಕೆಗೆ ಹಿತ್ತಿಲಲ್ಲಿ ಹೊಸ ಬಚ್ಚಲು ಕಟ್ಟುವುದೆಂದಾಯಿತು. ಕಂಡಕ್ಟರು "ನಂಗೆ ಹೋಟ್ಲು ಐತೆ ಬುಡಿ" ಎಂದು ಎದೆಯುಬ್ಬಿಸಿದರು.

ಫ್ಯಾನು

ಗೋಡೆ ಎದ್ದ ಮಾರನೇ ದಿನ ನಾನು ಸರಗೂರಿನಲ್ಲಿ ಕೆಲಸದಲ್ಲಿದ್ದೆ. ಟೀಚರಮ್ಮನ ಫೋನು.

"ಮೇಸ್ತ್ರಿ, ಫ್ಯಾನು ನನ್ ಕಡೆ, ಸ್ವಿಚ್ಚು ಅವ್ರ ಕಡೆ ಉಳ್ಕೊಂಡೈತೆ. ಹಾಕೋಕೆ ಹೇಳಿ."

"ಕೂಗಿದ್ರೆ ಕೇಳಿಸ್ತದಲ್ಲಮ್ಮ?"

"ನಾವು ಮಾತು ಬಿಟ್ಟಿದೀವಿ."

ಕಂಡಕ್ಟರಿಗೆ ಫೋನು ಮಾಡಿದೆ. ಅವರು ಬಹಳ ಗಂಭೀರವಾಗಿ, "ಎರಡರಲ್ಲಿ ಇಡ್ಲೋ ಮೂರರಲ್ಲೋ, ಕೇಳಿ ಹೇಳಿ" ಎಂದರು.

ನಾನು ಮೇಸ್ತ್ರಿಯೋ ರೆಗ್ಯುಲೇಟರೋ, ನನಗೇ ತಿಳಿಯದಾಯಿತು.

ಹಾಲುಕ್ಕಿದ್ದು

ಟೀಚರಮ್ಮನ ಪಾಲಿಗೆ ಹೊಸ ಬಾಗಿಲು ಇಟ್ಟೆವು. ಹೊಸ ಬಾಗಿಲಿಗೆ ಪೂಜೆ ಬೇಡವೇ? ಪಿರಿಯಾಪಟ್ಟಣದಿಂದ ಪುರೋಹಿತರು ಬಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಎರಡು ಮಣೆ ಹಾಕಿ, "ದಂಪತಿಗಳು ಬಂದು ಕೂತ್ಕೊಳ್ಳಿ" ಎಂದುಬಿಟ್ಟರು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ.

"ಈಗ ದಂಪತಿ ಅಲ್ಲ ಸ್ವಾಮಿ" ಎಂದರು ಟೀಚರಮ್ಮ.

ಅಷ್ಟರಲ್ಲಿ ಕಂಡಕ್ಟರು ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದು, "ಮನೆ ಇನ್ನೂ ಜಂಟಿ ಅಲ್ವ್ರಾ?" ಎನ್ನುತ್ತಾ ಒಂದು ಮಣೆಯ ಮೇಲೆ ಕೂತೇಬಿಟ್ಟರು. ಆಕೆ ಇನ್ನೊಂದು ಮಣೆಯ ಮೇಲೆ ಕೂತರು. ಪೂಜೆ ಆಯಿತು, ಹಾಲು ಉಕ್ಕಿತು. ಇಷ್ಟು ದಿನ ಹೋಟೆಲ್ ಊಟದಲ್ಲಿ ಸೊರಗಿದ್ದ ಆ ಮನುಷ್ಯ ಪಾಯಸವನ್ನು ಸುರಿದುಕೊಂಡ ರೀತಿ ನೋಡಿ ನನಗೇ ಅಯ್ಯೋ ಅನಿಸಿತು. ಟೀಚರಮ್ಮನೂ ನೋಡುತ್ತಿದ್ದರು. ಉಂಡೆದ್ದು ಕಂಡಕ್ಟರು ತಮ್ಮ ಅರ್ಧಕ್ಕೆ ಹೋದರು.

ಆಮೇಲೆ ಟೀಚರಮ್ಮ ನನ್ನನ್ನು ಅಡುಗೆಮನೆಗೆ ಕರೆದರು.

"ಮೇಸ್ತ್ರಿ, ಈ ಗೋಡೇಲೊಂದು ಕಿಂಡಿ ಕೊರೀರಿ. ಬಾಗ್ಲು ಗೀಗ್ಲು ಬ್ಯಾಡ. ಕಾಫಿ ಲೋಟ ತೂರಿದ್ರೆ ಸಾಕು."

ಗೋಡೆಯಾಚೆಯಿಂದ ಕಂಡಕ್ಟರ ದನಿ ಬಂತು: "ಮೇಸ್ತ್ರೀ, ಮುದ್ದೆ ತಟ್ಟೆ ತೂರಂಗೆ ಇರ್ಲಿ ಕಣ್ರೀ!"