ಕುಗ್ಗಿಸಿಟ್ಟ ಸೀರೆಯಂಚು

ಜಿಪುಣತನಕ್ಕೆ ‘ಮಿತವ್ಯಯ’ ಎಂದು ಗೌರವದ ಹೆಸರಿಟ್ಟವರು ನನ್ನಂಥವರೇ ಇರಬೇಕು. ತಮಿಳುನಾಡಿನ ದಿಂಡುಕ್ಕಲ್ಲಿನಲ್ಲಿ ಜವಳಿ ವಿನ್ಯಾಸ ಓದುವಾಗ, ಪಕ್ಕದ ನೇಕಾರರ ಊರು ಚಿನ್ನಾಳಪಟ್ಟಿಯ ಹಳೆಯ ಸೀರೆಯಂಚುಗಳ ಡೇಟಾಬೇಸ್ ಮಾಡುತ್ತೇನೆಂದು ಹೊರಟೆ. ಗೆಳತಿಯರು ದುಡ್ಡು ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಂಡರು. ನಾನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಕೋಷ್ಟಕ ಹಿಡಿದು, ಹಳೇ ಫೋನಿನಲ್ಲಿ ಫೋಟೊ ತೆಗೆದು ತುಂಬುತ್ತ ಹೋದೆ. ಪುಕ್ಕಟೆ ಜಾಗ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಕೂತು ಎಲ್ಲ ಫೋಟೊಗಳನ್ನೂ ಕುಗ್ಗಿಸಿ, ಮೂಲವನ್ನು ಅಳಿಸಿಬಿಟ್ಟೆ. ಕಂಬಂ ಕಣಿವೆಯ ನಮ್ಮ ಮನೆಯಲ್ಲಿ ಅಮ್ಮ ಬೀರು ಒಪ್ಪ ಮಾಡಿದಾಗ ಪಡುವ ಸಂತೋಷ ಅಂದು ನನಗಾಯಿತು. ಅಮ್ಮ ಹಾಗೆ ಒಪ್ಪ ಮಾಡಿಯೇ ಒಮ್ಮೆ ತೋಟದ ಪತ್ರವನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿದ್ದಳು. ಆ ಕಥೆ ಬೇಡ.

ನನ್ನ ಅರ್ಧ ಸಂಗ್ರಹ ಬಂದದ್ದು ನೇಕಾರ ರಂಗಸಾಮಿ ಮಾಮನ ಮನೆಯಿಂದ. ಅವರ ಮನೆಯ ಕನ್ನಡವೂ ನಮ್ಮ ಮನೆಯ ಕನ್ನಡವೂ ದೂರದ ನೆಂಟರು. ಮಾತು ತೊಡರಿದಲ್ಲಿ ಇಬ್ಬರೂ ತಮಿಳಿಗೆ ದಾಟುತ್ತಿದ್ದೆವು. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ತಮ್ಮ ಮದುವೆಯ ಸೀರೆ ಬಿಚ್ಚಿ ತೋರಿಸಿದ್ದರು. ಮಾಮನೇ ನೆಯ್ದದ್ದು. ಮರುವರ್ಷ ಅತ್ತೆ ತೀರಿಕೊಂಡಾಗ ಅದನ್ನೇ ಉಡಿಸಿ ಕಳುಹಿಸಿದರು.

ಕೆಲವು ತಿಂಗಳ ಮೇಲೆ ಮಾಮ ನನ್ನ ಹಾಸ್ಟೆಲಿಗೆ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಅವಳಿಗೆ ತಿಳಿಸದೆ ಅವಳ ತಾಯಿಯ ಸೀರೆಯಂಥದ್ದೇ ನೆಯ್ದು ಕೊಡಬೇಕೆಂಬ ಆಸೆ.

“ಆ ಅಂಚು ನಿನ್ನ ಪೆಟ್ಟಿಗೇಲಿ ಐತಲ್ಲ ಕಣ್ಣು?” ಅಂದರು. ಕಣ್ಣು ಎಂದು ಮುದ್ದಿಗೆ ಕರೆದದ್ದು ನನ್ನನ್ನು; ಪೆಟ್ಟಿಗೆ ಎಂದರೆ ಲ್ಯಾಪ್‌ಟಾಪ್.

“ಐತೆ ಮಾಮ,” ಎಂದು ಹೆಮ್ಮೆಯಿಂದ ಹುಡುಕಿದೆ. ತಕ್ಷಣ ಸಿಕ್ಕಿತು. ದೊಡ್ಡದು ಮಾಡಿದೆ. ಅಂಚು ಕೆಂಪು, ಹಳದಿ ಚೌಕಗಳಾಗಿ ಒಡೆದುಹೋಯಿತು.

ಮಾಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಇದು ಹೂವಾ, ಹಕ್ಕಿಯಾ?”

“ಗೊತ್ತಾಗ್ತಿಲ್ಲ ಮಾಮ. ಜಾಗ ಉಳಿಸೋಕೆ ಸಣ್ಣದು ಮಾಡಿದ್ದೆ.”

“ಎಷ್ಟು ಜಾಗ ಉಳೀತು?”

ಕೋಪದಿಂದ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು.

“ನೀವೇ ನೆಯ್ದಿದ್ದಲ್ವಾ, ನೆನಪಿಲ್ವಾ?” ಎಂದು ತಪ್ಪನ್ನು ಅವರ ಕಡೆಗೆ ತಳ್ಳಿ ನೋಡಿದೆ.

“ಆಮೇಲೆ ಸೀರೇನ ಯಾರು ನೋಡಿದ್ರು? ಉಟ್ಟೋಳ್ನ ನೋಡ್ತಿದ್ದೆ,” ಅಂದರು.

ಕೊನೆಗೆ ಅಂದಾಜಿನ ಮೇಲೆ ಹಕ್ಕಿ ನೆಯ್ದರು. ಮದುವೆಯ ದಿನ ಮಗಳು ಸೀರೆ ಬಿಚ್ಚಿ, ಅಂಚಿನ ಮೇಲೆ ಬೆರಳಾಡಿಸಿ, “ಅಮ್ಮನ ಸೀರೇಲಿ ಹೂವಿತ್ತಲ್ಲಪ್ಪಾ,” ಎಂದಳು. ಮಾಮ ನನ್ನತ್ತ ನೋಡಲಿಲ್ಲ. ಅದು ಅವರ ದೊಡ್ಡತನ. “ಇರಬೌದಮ್ಮಾ,” ಎಂದು ಹೇಳಿ, ಬಂದವರನ್ನು ಊಟಕ್ಕೆ ಕರೆಯಲು ಹೊರಗೆ ಹೋದರು. ಅವಳು ಅದನ್ನೇ ಉಟ್ಟಳು.

ಪ್ರಾಯಶ್ಚಿತ್ತಕ್ಕೆಂದು ಆ ಸೀರೆಯನ್ನೂ ಸಂಗ್ರಹಕ್ಕೆ ಸೇರಿಸಿದೆ. ಈ ಸಲ ಫೋಟೊ ಕುಗ್ಗಿಸಲಿಲ್ಲ. ಈಗ ಇನ್ನೂರು ಅಂಚುಗಳಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಆ ತಪ್ಪು ಅಂಚೊಂದೇ. ಪರೀಕ್ಷೆಗೆ ಬಂದ ಮೇಷ್ಟ್ರು ಅದರ ಮೇಲೇ ಬೆರಳಿಟ್ಟು, ದಾಖಲೆ ಎಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡರು. ನಾನು ಥ್ಯಾಂಕ್ಸ್ ಸರ್ ಅಂದೆ.