ಎದೆಗಿಳಿದ ನಿಷಾದ

ಸಂಗೀತಗಾರನಾಗಲು ಏನೇನು ಬೇಕು ಎಂಬುದರ ಬಗ್ಗೆ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ಗುರು ಬೇಕು, ಸಾಧನೆ ಬೇಕು, ದೈವಕೃಪೆ ಬೇಕು. ಹವ್ಯಾಸಿಯ ವಿಷಯ ಬೇರೆ. ಅವನಿಗೆ ಇವು ಯಾವುವೂ ಇಲ್ಲದಿದ್ದರೂ ನಡೆಯುತ್ತದೆ. ಬೇಕಾದದ್ದು ಎರಡು ಕಿವಿ, ಅದೂ ಬೇರೆಯವರದು. ನಾನು ಪುಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಿತಾರ್ ನುಡಿಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ರಾಗವನ್ನು ಆಲಾಪದಿಂದ ಹಿಡಿದು ಕೊನೆಯ ಬಿರುಸಿನ ಝಾಲಾದವರೆಗೆ ನಾನು ಪೂರ್ತಿ ನುಡಿಸಿದ್ದನ್ನು ಮೊನ್ನೆಯವರೆಗೂ ಒಬ್ಬರೂ ಕೂತು ಕೇಳಿರಲಿಲ್ಲ. ದೊಡ್ಡ ಸಭೆ ಬೇಡ, ಶಾಲು ಬೇಡ, ಹಾರ ಬೇಡ. ಒಬ್ಬ ಮನುಷ್ಯ, ನಲವತ್ತು ನಿಮಿಷ. ಇದೊಂದು ಆಸೆ ಈಡೇರದೆ ನಾನು ಒಳಗೊಳಗೇ ಸೊರಗಿ ಹೋಗಿದ್ದೆ ಎಂದರೆ ನೀವು ನಗಬಹುದು. ನಗಿ, ನನ್ನ ಹೆಂಡತಿಯೂ ನಗುತ್ತಾಳೆ.

ಮನೆಯಲ್ಲಿ ಕೇಳುವವರಿಲ್ಲವೇ ಎನ್ನುತ್ತೀರಿ. ಹಡಪಸರದ ಆಫೀಸಿನಿಂದ ಸದಾಶಿವ ಪೇಠೆಯ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಅಡುಗೆಯ ಹೊತ್ತಾಗಿರುತ್ತದೆ. ನಾನು ಸಿತಾರ್ ತೊಡೆಯ ಮೇಲಿಟ್ಟುಕೊಂಡರೆ ಸಾಕು, ಒಳಗಿನಿಂದ ಹೆಂಡತಿ ಸುಧಾಳ ದನಿ ಬರುತ್ತದೆ: "ಏನ್ರೀ, ಹೆಂಗೂ ಖಾಲಿ ಕೂತೀರಿ, ಕುಕ್ಕರಿನ ಸೀಟಿ ಎಣಿಸ್ರಿ. ಮೂರಾದ ಮ್ಯಾಲೆ ಗ್ಯಾಸ್ ಬಂದ್ ಮಾಡ್ರಿ." ಅವಳ ಲೆಕ್ಕದಲ್ಲಿ ಸಿತಾರ್ ನುಡಿಸುವುದೆಂದರೆ ಖಾಲಿ ಕೂರುವುದರ ಒಂದು ಬಗೆ. ಒಮ್ಮೆ ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸುಖದಲ್ಲಿ ಮೈಮರೆತು ಬೇಳೆಯನ್ನೆಲ್ಲ ಸೀಯಿಸಿಬಿಟ್ಟೆ. ಅವಳು ಬೈಯಲಿಲ್ಲ. "ಮೂರು ಎಣಸಾಕ ಬರಂಗಿಲ್ಲ ನಿಮಗ, ಆ ತಾಳದ ಹದಿನಾರು ಮಾತ್ರೆ ಹೆಂಗ ಎಣಸ್ತೀರಿ?" ಎಂದು ಕೇಳಿದಳು. ನಿಜ ಹೇಳಬೇಕೆಂದರೆ, ಈ ಅನುಮಾನ ನನಗೂ ಇತ್ತು. ಮಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ನನಗೆ "ಗುಡ್, ಅಪ್ಪಾ" ಎನ್ನುತ್ತಾಳೆ. ರಜೆಯ ದಿನ ಮಧ್ಯಾಹ್ನ ನುಡಿಸೋಣವೆಂದರೆ ಒಂದರಿಂದ ನಾಲ್ಕರವರೆಗೆ ನಮ್ಮ ಪೇಠೆಯಲ್ಲಿ ನಾಯಿಗಳೂ ಪಿಸುಗುಟ್ಟುತ್ತವೆ. ಕೆಳಗಿನ ಮನೆಯವರು ಬಾಗಿಲಿಗೆ ಬೋರ್ಡು ಹಾಕಿ ಮಲಗುತ್ತಾರೆ. ನನ್ನ ಸಾಧನೆಗೆ ಪುರಾವೆ ಸಿಕ್ಕಿದ್ದು ಆಫೀಸಿನ ಹಾಜರಿ ಯಂತ್ರದಲ್ಲಿ ಮಾತ್ರ. ತಂತಿ ಒತ್ತಿ ಒತ್ತಿ ಎಡಗೈ ತೋರುಬೆರಳು ಜಡ್ಡುಗಟ್ಟಿ, ಯಂತ್ರ ಅದನ್ನು ಬೆರಳೆಂದೇ ಒಪ್ಪಲಿಲ್ಲ. ಬೆಂಗಳೂರಿನಿಂದ ಬಂದ ಎಚ್‌ಆರ್ ಹುಡುಗಿ ಕನಿಕರದಿಂದ, "ಸರ್, ಈ ಫಿಂಗರ್ ಹಾಳಾಗಿದೆ ಅನ್ಸುತ್ತೆ, ಬೇರೆ ಟ್ರೈ ಮಾಡಿ" ಎಂದಳು.

ಹೀಗಿರುವಾಗ ನನಗಿದ್ದ ಒಂದೇ ಆಸರೆ ನಮ್ಮ ಭಾನುವಾರದ ಬೈಠಕ್ಕು. ಹತ್ತಿರದ ಹಳೆಯ ವಾಡೆಯೊಂದರ ಮಹಡಿಯಲ್ಲಿ, ತಿಂಗಳಿಗೊಮ್ಮೆ ಪೇಠೆಯ ನಿದ್ದೆ ಮುಗಿದ ಮೇಲೆ ಸಂಜೆ ನಾಲ್ಕೂವರೆಗೆ, ನಾವು ಆರು ಜನ ಹವ್ಯಾಸಿಗಳು ಸೇರುತ್ತೇವೆ. ಮನೆಯೊಡತಿ ಆಪ್ಟೆ ಬಾಯಿ ಹಾಡುತ್ತಾರೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಬಾಯಿಯವರ ಮಗ್ಗುಲಲ್ಲಿ ಅಡುಗೆಮನೆಯ ಅಲಾರಾಂ ಇರುತ್ತದೆ. ನನ್ನ ಆಲಾಪ ಮುಗಿದು ತಾಳ ಶುರುವಾಗಬೇಕು, ಅಷ್ಟರಲ್ಲಿ ಅದು ಕಿರುಚುತ್ತದೆ. "ವೇಳ್ ಸಂಪಲಾ," ಹೊತ್ತು ಮುಗಿಯಿತು, ಎಂದು ಬಾಯಿ ಮುಗುಳ್ನಗುತ್ತಾರೆ. ಆರು ಜನ ಸಂಗೀತಗಾರರು ಸೇರಿದ ಮೇಲೆ ಒಬ್ಬ ನುಡಿಸುವಾಗ ಐವರು ಕೇಳುತ್ತಾರೆಂದು ನೀವು ಭಾವಿಸಿದ್ದರೆ ನೀವು ಸಂಗೀತಗಾರರಲ್ಲ. ಮುಗಿಸಿದವನು ತನ್ನ ತಪ್ಪುಗಳನ್ನು ನೆನೆಯುತ್ತಿರುತ್ತಾನೆ, ಮುಂದಿನವನು ಹಿಂದಿನ ಪಡಸಾಲೆಯಲ್ಲಿ ಶ್ರುತಿ ಮಾಡುತ್ತಿರುತ್ತಾನೆ, ಉಳಿದವರು ಗಡಿಯಾರ ನೋಡುತ್ತಾರೆ. ಆದರೆ ಎಲ್ಲರೂ ಎಲ್ಲರನ್ನೂ ಹೊಗಳುತ್ತೇವೆ. ಅದು ಕಡ್ಡಾಯ.

ಎರಡು ವರ್ಷದ ಹಿಂದೆ ನನಗೊಂದು ಹೊಗಳಿಕೆ ಸಿಕ್ಕಿತು. ಗೋಕಾಕದ ಕಡೆಯ, ಬ್ಯಾಂಕಿನಿಂದ ನಿವೃತ್ತರಾದ ಕುಲಕರ್ಣಿ ಕಾಕಾ ನಮ್ಮ ಬೈಠಕ್ಕಿನ ಕೊಳಲುಗಾರರು. ಅಂದು ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಟೀಲ್ರ, ಇವತ್ತ ನಿಮ್ಮ ನಿಷಾದ ಎದಿಯೊಳಗ ಇಳೀತ್ರಿ" ಎಂದರು. ಬರೀ "ವಾಹ್ವಾ" ಅಲ್ಲ. ಸ್ವರದ ಹೆಸರು ಹೇಳಿ ಹೊಗಳಿದ್ದು! ಆ ಒಂದು ಮಾತಿನ ಮೇಲೆ ನಾನು ಎರಡು ವರ್ಷ ಬದುಕಿದ್ದೇನೆ. ಬೇಳೆ ಸೀದ ದಿನವೂ ಅದನ್ನೇ ನೆನೆದು ಊಟ ಮಾಡಿದ್ದೆ.

ಮೊನ್ನೆಯ ಬೈಠಕ್ಕಿನಲ್ಲಿ ಮೂರನೆಯ ಸರದಿ ಕಾಕಾರದು, ನಾಲ್ಕನೆಯದು ನನ್ನದು. ಎರಡನೆಯವರು ಶುರುಮಾಡುತ್ತಲೇ ನಾನು ಸಿತಾರ್ ಎತ್ತಿಕೊಂಡು ಪಡಸಾಲೆಗೆ ಹೋದೆ. ಅಡಿಯ ಹದಿಮೂರು ಸಣ್ಣ ತಂತಿಗಳನ್ನು ಶ್ರುತಿಗೆ ತರುವುದೆಂದರೆ ಹದಿಮೂರು ಮಕ್ಕಳಿಗೆ ಎಣ್ಣೆನೀರು ಹಾಕಿದಂತೆ. ಕೊನೆಯದನ್ನು ಹಿಡಿಯುವಾಗ ಮೊದಲನೆಯದು ತಪ್ಪಿಸಿಕೊಂಡಿರುತ್ತದೆ. ಲೋಕವೆಲ್ಲ ಮರೆತೇ ಹೋಯಿತು. ಆಪ್ಟೆ ಬಾಯಿ ನನ್ನ ಹೆಸರು ಕೂಗಿದಾಗ ಗಾಬರಿಯಿಂದ ಒಳಗೆ ಹೋದೆ. ಕಾಕಾ ಎದುರಿಗೇ ಕೂತಿದ್ದರು. ಅವರು ಪ್ರತಿಸಲ ಯಮನ್ ರಾಗವನ್ನೇ ನುಡಿಸುತ್ತಾರೆ, ಗಾಂಧಾರ ಅದರ ಜೀವಸ್ವರ, ಹಾಗಾಗಿ ಅವರನ್ನು ಹೊಗಳಲು ಕೇಳಲೇಬೇಕೆಂದೇನೂ ಇಲ್ಲ. ಎರಡು ವರ್ಷದ ಋಣ ಬೇರೆ ಇತ್ತಲ್ಲ. ಅವರ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ, "ಕಾಕಾ, ಇವತ್ತ ನಿಮ್ಮ ಗಾಂಧಾರ ಎದಿಯೊಳಗ ಇಳೀತ್ರಿ" ಎಂದೆ.

ಕೋಣೆಯಲ್ಲಿ ಯಾರೋ ಕೆಮ್ಮಿದರು.

"ನಾ ಇವತ್ತ ನುಡಿಸೇ ಇಲ್ರಿ, ಪಾಟೀಲ್ರ," ಎಂದರು ಕಾಕಾ. "ಹೊಸಾ ಹಲ್ಲು ಕಟ್ಟಿಸೀನಿ, ಗಾಳಿ ಭಾಳ ಸೋರ್ತದ. ಅದಕ್ಕ ನನ್ನ ಇಪ್ಪತ್ತು ನಿಮಿಷ ನಿಮಗ ಕೊಡ್ರಿ ಅಂತ ಬಾಯಿಯವರಿಗೆ ಹೇಳೀನಿ. ಪಾಪ, ನಿಮ್ದು ಒಮ್ಮೆನೂ ಪೂರಾ ಆಗೂದಿಲ್ಲಲ್ಲ. ಇವತ್ತ ಕೂತು ಪೂರಾ ಕೇಳೋಣಂತ ಬಂದೀನ್ರಿ."

ಹತ್ತೊಂಬತ್ತು ವರ್ಷ ನಾನು ಕಾದಿದ್ದ ಮನುಷ್ಯ ಎದುರಿಗೇ ಕೂತಿದ್ದ, ನಲವತ್ತು ನಿಮಿಷ ಕೈಯಲ್ಲಿ ಹಿಡಿದುಕೊಂಡು. ನಾನು ಅವರು ಊದದೇ ಇದ್ದ ಗಾಂಧಾರವನ್ನು ಹೊಗಳಿ ನಿಂತಿದ್ದೆ. ನೆಲ ಬಾಯಿಬಿಟ್ಟಿದ್ದರೆ ಸಿತಾರ್ ಸಮೇತ ಇಳಿದುಬಿಡುತ್ತಿದ್ದೆ. ಹಳೆಯ ವಾಡೆಯಾದರೂ ಆ ಮಹಡಿ ಗಟ್ಟಿಯಾಗಿತ್ತು. ಬೇರೆ ದಾರಿಯಿಲ್ಲದೆ ಕೂತು ಭೀಮಪಲಾಸಿ ರಾಗ ಶುರುಮಾಡಿದೆ.

ನುಡಿಸಿದೆ. ಆಲಾಪ ಆಯಿತು, ತಾಳ ಬಂತು, ಝಾಲಾ ಕೂಡ ಬಂತು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ಕೇಳುತ್ತಿದ್ದಾರೋ, ನೊಂದಿದ್ದಾರೋ, ಹೊಸ ಹಲ್ಲು ಒತ್ತುತ್ತಿದೆಯೋ, ಒಂದೂ ತಿಳಿಯಲಿಲ್ಲ. ಅಲಾರಾಂ ಕಿರುಚುವ ಮೊದಲೇ ನಾನು ಮುಗಿಸಿದೆ. ಬದುಕಿನಲ್ಲಿ ಅದೇ ಮೊದಲು. ಕಾಕಾ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಪಾಟೀಲ್ರ, ಇವತ್ತ ನಿಮ್ಮ ನಿಷಾದ ಎದಿಯೊಳಗ ಇಳೀತ್ರಿ."

ಅದೇ ಮಾತು, ಅದೇ ಕೈ. ಇದು ನನ್ನ ಕಪಾಳಕ್ಕೆ ಕೊಟ್ಟದ್ದೋ, ಮನಸಾರೆ ಹೇಳಿದ್ದೋ? ಈ ಸಲದ್ದು ಸುಳ್ಳಾದರೆ ಎರಡು ವರ್ಷ ಹಿಂದಿನದೂ ಸುಳ್ಳೇ ತಾನೇ? ಮನೆಗೆ ಬಂದು ಸುಧಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತಾ, "ಅದಕ್ಯಾಕ ಅವರ ಮುಖಾ ನೋಡಬೇಕು? ನಿಷಾದ ಹೆಂಗ ಬಂತು ಅಂತ ನುಡಿಸಿದ ನಿಮಗ ಗೊತ್ತಿರಬೇಕಲ್ಲ?" ಎಂದಳು.

ಕೂತು ನೆನಪು ಮಾಡಿಕೊಂಡೆ. ಆ ನಲವತ್ತು ನಿಮಿಷವೂ ನಾನು ಕಾಕಾರ ಮುಖವನ್ನೇ ನೋಡುತ್ತಿದ್ದೆ. ಅವರ ಹುಬ್ಬು ಯಾವಾಗ ಅಲುಗಿತು, ತುಟಿ ಎಷ್ಟು ಸಲ ಬಿಗಿಯಿತು ಎಂಬುದೆಲ್ಲ ಚೆನ್ನಾಗಿ ನೆನಪಿದೆ. ನಿಷಾದ ಮಾತ್ರ ಹೇಗಿತ್ತೋ ಗೊತ್ತಿಲ್ಲ. ಕೊನೆಗೂ ಪೂರ್ತಿ ನುಡಿಸಿದ ಆ ಒಂದು ರಾಗವನ್ನು ನಾನೂ ಕೇಳಲಿಲ್ಲ.